ನೌಕಾಪಡೆ ಸೇರಿದ ಮಕ್ಕಳು: ದೂರದೂರಿನ ತಾಯಂದಿರಿಗೆ ಆಸರೆ ಯಾವುದು?

ಅಶೋಕನ ಶಾಸನದಿಂದ ಇತಿಹಾಸದಲ್ಲಿ ಹೆಸರಾದ ಮಸ್ಕಿಗೆ ಕಡಲು ಬಲುದೂರ. ಕಾರವಾರದ ನೌಕಾನೆಲೆ ನೇರ ಗೆರೆಯಲ್ಲಿ ಅಳೆದರೂ ಸುಮಾರು 300 ಕಿ.ಮೀ. ಆಚೆಗಿದೆ. ನಾವಿಕರಿಗೆ ಮೊದಲ ಪಾಠ ಹೇಳಿಕೊಡುವ ಒಡಿಶಾದ ಐಎನ್‌ಎಸ್ ಚಿಲ್ಕಾ ಸುಮಾರು ಸಾವಿರ ಕಿ.ಮೀ. ದೂರದಲ್ಲಿದೆ. ಮಸ್ಕಿ, ಸಿಂಧನೂರು, ಲಿಂಗಸುಗೂರಿನಂಥ ಒಳನಾಡಿನ ಊರಿನಿಂದ ಮಗನೋ ಮಗಳೋ ನೌಕಾಪಡೆ ಸೇರಿದರೆ, ಮನೆಯಲ್ಲಿ ಉಳಿದ ತಾಯಿಗೆ ಹಡಗು, ಬಂದರು, ಗಸ್ತು ಎಂಬ ಮಾತುಗಳೇ ಹೊಸತು. ಅವುಗಳ ಅರ್ಥ ಬಿಡಿಸಿ ಹೇಳುವವರು ನೆರೆಹೊರೆಯಲ್ಲಿ ಸಿಗುವುದೂ ಅಪರೂಪ.

ಮಗ ಎಲ್ಲಿದ್ದಾನೆ, ಯಾಕೆ ಕರೆ ಮಾಡುತ್ತಿಲ್ಲ, ಆಪತ್ತು ಬಂದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗಳು ಎಲ್ಲ ನಾವಿಕರ ತಾಯಂದಿರಿಗೂ ಇರುತ್ತವೆ. ಅಗ್ನಿಪಥ ಯೋಜನೆ ಬಂದ ನಂತರ ಈ ಪ್ರಶ್ನೆಗಳ ತೂಕ ಇನ್ನಷ್ಟು ಹೆಚ್ಚಿದೆ.

ತಾಯಿಯೇ ಕುಟುಂಬ

ಕೇಂದ್ರ ಸರ್ಕಾರ 2022ರ ಜೂನ್ 14ರಂದು ಅಗ್ನಿಪಥ ಯೋಜನೆಯನ್ನು ಪ್ರಕಟಿಸಿತು. ಹದಿನೇಳೂವರೆಯಿಂದ 21 ವರ್ಷದೊಳಗಿನವರನ್ನು ನಾಲ್ಕು ವರ್ಷಗಳ ಸೇವೆಗೆ ಸೇರಿಸಿಕೊಳ್ಳುವ ಯೋಜನೆ ಇದು. 18 ತುಂಬದವರ ನೋಂದಣಿ ಪತ್ರಕ್ಕೆ ತಂದೆ, ತಾಯಿ ಅಥವಾ ಪೋಷಕರ ಸಹಿ ಕಡ್ಡಾಯ. ನೌಕಾಪಡೆಯ ಅಗ್ನಿವೀರರು ಅವಿವಾಹಿತರಾಗಿರಬೇಕು; ನಾಲ್ಕು ವರ್ಷಗಳ ಅವಧಿಯಲ್ಲಿ ಮದುವೆಯಾಗುವಂತಿಲ್ಲ. ಅಂದರೆ ಇಂದಿನ ಎಳೆಯ ನಾವಿಕನಿಗೆ ಕುಟುಂಬವೆಂದರೆ ತಾಯಿ ತಂದೆಯರೇ.

ನೌಕಾಪಡೆಯ ಕುಟುಂಬ ಕಲ್ಯಾಣ ವ್ಯವಸ್ಥೆ ಬೆಳೆದ ಬಗೆ ಬೇರೆ. ಎನ್‌ಡಬ್ಲ್ಯುಡಬ್ಲ್ಯುಎ ಎಂದು ಕರೆಯಲಾಗುವ ಸಂಸ್ಥೆ ಮೊದಲು ನೌಕಾಪಡೆಯ ಪತ್ನಿಯರ ಕಲ್ಯಾಣ ಸಂಘವಾಗಿತ್ತು. ಈಗ ಅದರ ಹೆಸರಿನಲ್ಲಿ ‘ಪತ್ನಿಯರು’ ಎಂಬ ಪದವಿಲ್ಲ. ಕಲ್ಯಾಣ ಮತ್ತು ಸ್ವಾಸ್ಥ್ಯ ಸಂಸ್ಥೆ ಎಂದೇ ಅದು ಗುರುತಿಸಿಕೊಳ್ಳುತ್ತದೆ. ಆದರೆ ಅದರ ಚಟುವಟಿಕೆಗಳು ನಡೆಯುವುದು ಮುಖ್ಯವಾಗಿ ನೌಕಾನೆಲೆಗಳಲ್ಲಿ, ಅಲ್ಲಿನ ವಸತಿಗೃಹಗಳ ಆಸುಪಾಸಿನಲ್ಲಿ. ನೆಲೆಯೊಳಗೆ ವಾಸಿಸುವ ಪತ್ನಿಗೆ ನೆರೆಮನೆಯಲ್ಲೇ ಮತ್ತೊಬ್ಬ ನಾವಿಕನ ಪತ್ನಿ ಸಿಗುತ್ತಾಳೆ. ಊರಲ್ಲೇ ಉಳಿದ ತಾಯಿಗೆ ಆ ಅನುಕೂಲವಿಲ್ಲ.

ಮೌನಕ್ಕೆ ಕಾರಣಗಳು

ತಾಯಂದಿರನ್ನು ಹೆಚ್ಚು ಕಾಡುವುದು ಮಕ್ಕಳ ಮೌನ. ಇದಕ್ಕೆ ಬಹುಪಾಲು ಸಹಜ ಕಾರಣಗಳಿವೆ. ತರಬೇತಿಯ ಅವಧಿಯಲ್ಲಿ ದೂರವಾಣಿ ಬಳಕೆಗೆ ಮಿತಿ ಇರುತ್ತದೆ. ಹಡಗು ದಡ ಬಿಟ್ಟು ಸ್ವಲ್ಪ ದೂರ ಸಾಗಿದರೆ ಮೊಬೈಲ್ ಸಂಕೇತ ಸಿಗುವುದಿಲ್ಲ. ಜಲಾಂತರ್ಗಾಮಿಯಲ್ಲಿ ಇರುವವರಿಂದ ವಾರಗಟ್ಟಲೆ ಸುದ್ದಿ ಬಾರದಿರುವುದೂ ಉಂಟು. ಹಡಗು ಎಲ್ಲಿದೆ, ಯಾವಾಗ ಮರಳುತ್ತದೆ ಎಂಬುದು ಗೋಪ್ಯ ವಿಷಯವಾದ್ದರಿಂದ ಮಕ್ಕಳು ಅದನ್ನು ಮನೆಯವರಿಗೂ ಹೇಳುವಂತಿಲ್ಲ.

ಇದರ ಹಿಂದೆ ಗಂಭೀರ ಕಾರಣವಿದೆ. 2019ರ ಡಿಸೆಂಬರ್‌ನಲ್ಲಿ ಪಾಕಿಸ್ತಾನಕ್ಕೆ ಮಾಹಿತಿ ರವಾನಿಸಿದ ಆರೋಪದ ಮೇಲೆ ಏಳು ಮಂದಿ ನೌಕಾ ಸಿಬ್ಬಂದಿಯನ್ನು ಆಂಧ್ರಪ್ರದೇಶ ಪೊಲೀಸರು ಬಂಧಿಸಿದರು. ವಿಶಾಖಪಟ್ಟಣ, ಮುಂಬೈ ಹಾಗೂ ನಮ್ಮ ಕಾರವಾರದ ನೆಲೆಗಳಿಗೆ ಈ ಪ್ರಕರಣದ ನಂಟಿತ್ತು. ಸಾಮಾಜಿಕ ಜಾಲತಾಣದ ಪರಿಚಯದ ಮೂಲಕ ಯುವ ನಾವಿಕರನ್ನು ಬಲೆಗೆ ಕೆಡವಲಾಗಿತ್ತು ಎಂಬುದು ತನಿಖಾಧಿಕಾರಿಗಳ ಆರೋಪವಾಗಿತ್ತು. ಅದೇ ತಿಂಗಳ ಕೊನೆಯಲ್ಲಿ ನೌಕಾಪಡೆಯು ನೆಲೆಗಳು ಹಾಗೂ ಯುದ್ಧನೌಕೆಗಳಲ್ಲಿ ಸ್ಮಾರ್ಟ್‌ಫೋನ್ ಮತ್ತು ಫೇಸ್‌ಬುಕ್ ಬಳಕೆಗೆ ನಿಷೇಧ ಹೇರಿತು.

ಈ ಎಚ್ಚರಿಕೆ ತಾಯಂದಿರಿಗೂ ಅನ್ವಯಿಸುತ್ತದೆ. ಮಗನ ಸಮವಸ್ತ್ರದ ಚಿತ್ರ, ಹಡಗಿನ ಹೆಸರು, ಹೊರಡುವ ದಿನ ಇವು ಒಂದೊಂದಾಗಿ ಸಣ್ಣ ಸಂಗತಿಗಳು. ಒಟ್ಟುಗೂಡಿದರೆ ಶತ್ರುವಿಗೆ ಬೇಕಾದ ಸುಳಿವು. ಮೊಬೈಲ್‌ನಲ್ಲಿ ಗುಂಪು ಕಟ್ಟಿಕೊಂಡು ಪರಸ್ಪರ ಧೈರ್ಯ ಹೇಳಿಕೊಳ್ಳುವುದು ತಪ್ಪಲ್ಲ. ಆದರೆ ಮಾತು ಮನಸ್ಸಿನ ಭಾರದ ಬಗ್ಗೆ, ರಜೆ ಹಾಗೂ ಕಾಗದಪತ್ರಗಳ ಬಗ್ಗೆ ಇರಲಿ. ಹಡಗಿನ ದಾರಿಯ ಬಗ್ಗೆ ಬೇಡ.

ಬೇರೆಡೆ ತಾಯಂದಿರು ಕಂಡುಕೊಂಡ ದಾರಿ

ಅಮೆರಿಕದಲ್ಲಿ ನಾವಿಕರ ತಾಯಂದಿರ ಸಂಘಟನೆಗೆ ಹತ್ತಿರ ಹತ್ತಿರ ಒಂದು ಶತಮಾನದ ಇತಿಹಾಸವಿದೆ. 1930ರಲ್ಲಿ ಟೆಕ್ಸಾಸ್ ರಾಜ್ಯದ ಮ್ಯಾಕಲನ್ ಎಂಬ ಊರಿನಲ್ಲಿ ನಾವಿಕನೊಬ್ಬನ ತಾಯಿ ‘ನೇವಿ ಮದರ್ಸ್ ಕ್ಲಬ್’ ಆರಂಭಿಸಿದರು. 1942ರಲ್ಲಿ ಮಿಷಿಗನ್‌ನ ಫ್ಲಿಂಟ್ ನಗರದಲ್ಲಿ ಪತ್ರಿಕೆಯೊಂದು ಪ್ರಕಟಣೆ ನೀಡಿ, ಸೇನೆಯಲ್ಲಿ ಮಕ್ಕಳಿರುವ ತಾಯಂದಿರನ್ನು ಆಹ್ವಾನಿಸಿತು. ಫೆಬ್ರುವರಿ 1ರ ಮೊದಲ ಸಭೆಗೆ 300 ತಾಯಂದಿರು ಬಂದರು. ಅದೇ ‘ಬ್ಲೂ ಸ್ಟಾರ್ ಮದರ್ಸ್’ ಸಂಸ್ಥೆಯಾಗಿ ಬೆಳೆಯಿತು.

ತಾಯಂದಿರಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2000ದ ಆಗಸ್ಟ್ 12ರಂದು ರಷ್ಯಾದ ಜಲಾಂತರ್ಗಾಮಿ ‘ಕುರ್ಸ್ಕ್’ ಮುಳುಗಿ 118 ಮಂದಿ ಮೃತಪಟ್ಟರು. ಅಧಿಕಾರಿಗಳು ದಿನಗಟ್ಟಲೆ ಸರಿಯಾದ ಮಾಹಿತಿ ನೀಡಲಿಲ್ಲ. ಸಭೆಯಲ್ಲಿ ಸಿಟ್ಟಿನಿಂದ ಪ್ರಶ್ನಿಸಿದ ತಾಯಿಯೊಬ್ಬರಿಗೆ ಅಲ್ಲಿಯೇ ಮಂಪರಿನ ಚುಚ್ಚುಮದ್ದು ನೀಡಿದ ದೃಶ್ಯವನ್ನು ಜಗತ್ತೇ ದೂರದರ್ಶನದಲ್ಲಿ ಕಂಡಿತು.

ಭಾರತದ ನೌಕಾಪಡೆಯೂ ಇಂಥ ದಿನಗಳನ್ನು ಕಂಡಿದೆ. 1971ರ ಡಿಸೆಂಬರ್ 9ರಂದು ದಿಯು ಸಮೀಪ ಮುಳುಗಿದ ಐಎನ್‌ಎಸ್ ಖುಕ್ರಿಯೊಂದಿಗೆ 18 ಅಧಿಕಾರಿಗಳು ಹಾಗೂ 176 ನಾವಿಕರು ಜಲಸಮಾಧಿಯಾದರು. 2013ರ ಆಗಸ್ಟ್ 14ರಂದು ಮುಂಬೈನ ನೌಕಾಂಗಣದಲ್ಲಿ ಐಎನ್‌ಎಸ್ ಸಿಂಧುರಕ್ಷಕ್ ಸ್ಫೋಟಗೊಂಡು 18 ಮಂದಿ ಪ್ರಾಣ ತೆತ್ತರು. ದೇಹಗಳ ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆಯ ಮೊರೆ ಹೋಗಬೇಕಾಯಿತು.

ಮನೆಯಲ್ಲಿ ಇರಬೇಕಾದ ವಿವರ

ಮಗನ ಪೂರ್ಣ ಹೆಸರು, ಹುದ್ದೆ, ಸೇವಾ ಸಂಖ್ಯೆ ಮತ್ತು ಅವನು ಸೇರಿದ ಹಡಗು ಅಥವಾ ನೆಲೆಯ ಹೆಸರು ಮನೆಯಲ್ಲಿ ಬರೆದಿಟ್ಟಿರಬೇಕು. ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಸೇವಾ ಸಂಖ್ಯೆಯನ್ನೇ. ಹಡಗಿನಲ್ಲಿ ಇರುವವರಿಗೆ ಪತ್ರ ಬರೆಯಲು ಹಡಗು ಯಾವ ಬಂದರಿನಲ್ಲಿದೆ ಎಂಬುದು ತಿಳಿಯಬೇಕಿಲ್ಲ. ಹೆಸರು, ಸಂಖ್ಯೆ, ಹಡಗಿನ ಹೆಸರು ಬರೆದು ಫ್ಲೀಟ್ ಮೇಲ್ ಆಫೀಸ್‌ನ ವಿಳಾಸಕ್ಕೆ ಕಳುಹಿಸಿದರೆ ನೌಕಾ ಅಂಚೆ ಅದನ್ನು ಹಡಗಿಗೆ ತಲುಪಿಸುತ್ತದೆ.

ಸೇನೆಯ ದಾಖಲೆಯಲ್ಲಿ ‘ನೆಕ್ಸ್ಟ್ ಆಫ್ ಕಿನ್’ ಎಂದು ಯಾರ ಹೆಸರಿದೆ ಎಂಬುದನ್ನು ತಾಯಿ ತಿಳಿದಿರಬೇಕು. ಏನೇ ಸಂಭವಿಸಿದರೂ ಅಧಿಕೃತ ಸುದ್ದಿ ಮೊದಲು ಹೋಗುವುದು ಈ ನಿಕಟ ಬಂಧುವಿಗೆ. ಅವಿವಾಹಿತರ ವಿಷಯದಲ್ಲಿ ಅದು ತಾಯಿ ಅಥವಾ ತಂದೆ. ಮದುವೆಯ ನಂತರ ಆ ಸ್ಥಾನ ಪತ್ನಿಗೆ ಅಥವಾ ಪತಿಗೆ ಹೋಗುತ್ತದೆ. ಭೂಸೇನೆಯ ಹುತಾತ್ಮ ಅಧಿಕಾರಿಯೊಬ್ಬರ ತಂದೆ-ತಾಯಿ 2024ರಲ್ಲಿ ಈ ನಿಯಮದ ಬದಲಾವಣೆಗೆ ಆಗ್ರಹಿಸಿದಾಗ ದೇಶದಾದ್ಯಂತ ಚರ್ಚೆ ನಡೆದಿತ್ತು. ಮನೆಯ ವಿಳಾಸ, ದೂರವಾಣಿ ಸಂಖ್ಯೆ ಬದಲಾದರೆ ದಾಖಲೆಯಲ್ಲೂ ಬದಲಾಯಿಸುವಂತೆ ಮಕ್ಕಳಿಗೆ ನೆನಪಿಸಬೇಕು.

ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ, ಮಾಜಿ ಸೈನಿಕರಿಗಷ್ಟೇ ಅಲ್ಲದೆ ಸೇವೆಯಲ್ಲಿ ಇರುವವರ ಕುಟುಂಬಗಳ ಅಹವಾಲನ್ನೂ ಆಲಿಸುತ್ತದೆ. ಪ್ರತಿ ಜಿಲ್ಲೆಗೂ ಪ್ರತ್ಯೇಕ ಕಚೇರಿ ಇಲ್ಲದ ಕಾರಣ, ತಮ್ಮ ಜಿಲ್ಲೆ ಯಾವ ಕಚೇರಿಯ ವ್ಯಾಪ್ತಿಗೆ ಸೇರುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಮನಸ್ಸಿನ ತಳಮಳಕ್ಕೆ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸಶಸ್ತ್ರ ಪಡೆಗಳ ಸಿಬ್ಬಂದಿ ಹಾಗೂ ಅವರ ಕುಟುಂಬದವರಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ವಿಶೇಷ ಘಟಕ ಆರಂಭವಾಯಿತು.

ನಾಲ್ಕು ವರ್ಷದ ನಂತರ

ನೌಕಾಪಡೆಯ ಮೊದಲ ಅಗ್ನಿವೀರರ ತಂಡ ಚಿಲ್ಕಾದಲ್ಲಿ 2023ರ ಮಾರ್ಚ್ 28ರಂದು ನಿರ್ಗಮನ ಪಥಸಂಚಲನ ನಡೆಸಿತು. ಸುಮಾರು 2,600 ಮಂದಿಯ ಆ ತಂಡದಲ್ಲಿ 270ಕ್ಕೂ ಹೆಚ್ಚು ಯುವತಿಯರಿದ್ದರು. ‘ಮಗನನ್ನು ಕಳುಹಿಸಿದ ತಾಯಿ’ ಎಂಬ ಹಳೆಯ ಮಾತಿಗೆ ಈಗ ‘ಮಗಳನ್ನು ಕಳುಹಿಸಿದ ತಾಯಿ’ಯೂ ಜೊತೆಯಾಗಿದ್ದಾಳೆ.

ಯೋಜನೆಯಂತೆ ಮೊದಲ ವರ್ಷದ ಮಾಸಿಕ ವೇತನ 30,000 ರೂಪಾಯಿ, ನಾಲ್ಕನೆಯ ವರ್ಷ 40,000 ರೂಪಾಯಿ. ಇದರಲ್ಲಿ ಶೇ 30ರಷ್ಟು ಸೇವಾನಿಧಿಗೆ ಕಡಿತವಾಗುತ್ತದೆ. ಸರ್ಕಾರವೂ ಅಷ್ಟೇ ಮೊತ್ತ ಸೇರಿಸುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಬಿಟ್ಟು 10.04 ಲಕ್ಷ ರೂಪಾಯಿ ಕೈಸೇರುತ್ತದೆ. ಸೇವಾವಧಿಯಲ್ಲಿ 48 ಲಕ್ಷ ರೂಪಾಯಿ ಜೀವವಿಮೆ ಇರುತ್ತದೆ. ಇದಕ್ಕೆ ವೇತನದಿಂದ ಕಂತು ಕಡಿತವಿಲ್ಲ. ಆದರೆ ಹೆಚ್ಚೆಂದರೆ ಶೇ 25ರಷ್ಟು ಮಂದಿಯನ್ನು ಮಾತ್ರ ಕಾಯಂ ಸೇವೆಗೆ ಉಳಿಸಿಕೊಳ್ಳಲಾಗುತ್ತದೆ. ಉಳಿದವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ.

ಹೀಗಾಗಿ ಹೆಚ್ಚಿನ ತಾಯಂದಿರಿಗೆ ಎರಡು ಬಗೆಯ ಕಾಯುವಿಕೆ. ಮಗು ಕಡಲಿನಲ್ಲಿರುವಷ್ಟು ದಿನ ಕ್ಷೇಮದ ಸುದ್ದಿಗಾಗಿ. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿಗೆ ಮನೆಗೆ ಮರಳಿದ ಮೇಲೆ ಮತ್ತೊಂದು ಉದ್ಯೋಗಕ್ಕಾಗಿ. ಪತ್ನಿಯರಿಗಾಗಿ ಹುಟ್ಟಿದ ಕಲ್ಯಾಣ ವ್ಯವಸ್ಥೆ ಬಂದರಿನ ಗೇಟು ದಾಟಿ ಒಳನಾಡಿನ ತಾಲ್ಲೂಕುಗಳಿಗೂ ಬರಬೇಕಿದೆ. ಅಲ್ಲಿಯವರೆಗೆ ಈ ತಾಯಂದಿರ ಆಸರೆ ಮೂರೇ: ಬರೆದಿಟ್ಟ ಒಂದು ಸೇವಾ ಸಂಖ್ಯೆ, ಸರಿಯಾದ ಕಚೇರಿಯ ವಿಳಾಸ ಮತ್ತು ಇದೇ ದಾರಿಯಲ್ಲಿ ಮೊದಲೇ ನಡೆದ ಇನ್ನೊಬ್ಬ ತಾಯಿಯ ಮಾತು.