ಪತ್ರದ ಕೆಳಗಿನ ಎರಡು ಸಣ್ಣ ಅಕ್ಷರಗಳು

ಹಳೆಯ ಕಚೇರಿ ಪತ್ರವೊಂದು ನಿಮ್ಮ ಮನೆಯಲ್ಲಿದ್ದರೆ ಅದರ ಎಡಬದಿಯ ಕೆಳತುದಿಯನ್ನು ನೋಡಿ. ಎಷ್ಟೋ ಪತ್ರಗಳಲ್ಲಿ ಅಲ್ಲೊಂದು ಓರೆಗೆರೆ ಇರುತ್ತದೆ. ಗೆರೆಯ ಈಚೆಗಿರುವ ದೊಡ್ಡ ಇಂಗ್ಲಿಷ್ ಅಕ್ಷರಗಳು ಪತ್ರ ಬರೆಸಿದ ಅಧಿಕಾರಿಯದು. ಆಚೆಗಿರುವ ಎರಡು ಸಣ್ಣ ಅಕ್ಷರಗಳು ಟೈಪ್ ಮಾಡಿದವರದು. ಮುಂಬೈಯ ಸರಕಾರಿ ಕಚೇರಿಗಳಲ್ಲಿ ಬದುಕು ಸವೆಸಿದ ಅದೆಷ್ಟೋ ಹೆಣ್ಣುಮಕ್ಕಳು ಕಡತಗಳಲ್ಲಿ ಬಿಟ್ಟುಹೋದ ಗುರುತು ಅಷ್ಟೇ. ನಾನೂ ಅವರಲ್ಲೊಬ್ಬಳು.

ರೆಮಿಂಗ್ಟನ್ ಕಂಪೆನಿ ಅಮೆರಿಕದಲ್ಲಿ ಟೈಪ್‌ರೈಟರನ್ನು ಮಾರುಕಟ್ಟೆಗೆ ತಂದದ್ದು 1874ರಲ್ಲಿ. ಗಂಡಸರದೇ ಆಗಿದ್ದ ಗುಮಾಸ್ತಗಿರಿಗೆ ಹೆಂಗಸರು ಕಾಲಿಟ್ಟದ್ದು ಬಹುಮಟ್ಟಿಗೆ ಈ ಯಂತ್ರದ ಬಾಗಿಲಿನಿಂದ. ಮುಂಬೈಯಲ್ಲಿ ಆಂಗ್ಲೋ ಇಂಡಿಯನ್, ಪಾರ್ಸಿ, ಗೋವಾ ಕ್ರೈಸ್ತ ಯುವತಿಯರು ಮೊದಲು ಬಂದರು. ಸ್ವಾತಂತ್ರ್ಯದ ನಂತರ, ಸರಕಾರಿ ನೌಕರಿಯಲ್ಲಿ ಲಿಂಗಭೇದ ಕೂಡದೆಂದು ಸಂವಿಧಾನದ 16ನೇ ವಿಧಿ ಹೇಳಿದ ಮೇಲೆ, ನಮ್ಮಂಥ ಮಧ್ಯಮವರ್ಗದ ಮನೆಗಳಿಂದಲೂ ಹುಡುಗಿಯರು ಹೊರಟರು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದವರಿಗೆ ಮುಂಬೈಯೇ ರಾಜಧಾನಿ. ಕರಾವಳಿಯವರಿಗೆ ಇದು ಅನ್ನದ ಊರು. ಹೀಗಾಗಿ ಇಲ್ಲಿನ ಕಚೇರಿ ನಮಗೆ ಪರಕೀಯವೇನೂ ಆಗಿರಲಿಲ್ಲ.

ಪದವಿ ಬೇಡ, ಮೆಟ್ರಿಕ್ ಮತ್ತು ಟೈಪಿಂಗ್ ಸರ್ಟಿಫಿಕೇಟ್ ಸಾಕು ಎಂಬುದೇ ಈ ಕೆಲಸದ ದೊಡ್ಡ ಗುಣ. ಮಾಟುಂಗಾ, ದಾದರ್, ಮುಲುಂಡ್‌ಗಳ ಇನ್‌ಸ್ಟಿಟ್ಯೂಟ್‌ಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಕಲಿತು ಕಾಲೇಜಿಗೋ ಅಡುಗೆಮನೆಗೋ ಓಡುತ್ತಿದ್ದೆವು. "ಮದುವೆಯಾಗುವ ತನಕ ಮಾಡಲಿ" ಎಂದು ಮನೆಯವರು ಒಪ್ಪುತ್ತಿದ್ದರು. ಮದುವೆಯೂ ಆಯಿತು, ಮಕ್ಕಳೂ ಆದವು. ಆ ಸಂಬಳ ಬಿಡಲು ಯಾವ ಮನೆಯೂ ತಯಾರಿರಲಿಲ್ಲ!

ಕೆಲಸ ಹಗುರದ್ದಲ್ಲ. ಐದಾರು ಕಾರ್ಬನ್ ಪ್ರತಿ ಮೂಡಬೇಕಾದರೆ ಕೀಲಿಯನ್ನು ಬಲವಾಗಿ ಕುಟ್ಟಬೇಕು. ಒಂದು ಅಕ್ಷರ ತಪ್ಪಿದರೆ ಅಷ್ಟೂ ಹಾಳೆಗಳಲ್ಲಿ ರಬ್ಬರಿನಿಂದ ಉಜ್ಜಬೇಕು. ಸ್ಟೆನ್ಸಿಲ್ ಆದರೆ ತಿದ್ದುವ ದ್ರವ ಹಚ್ಚಿ, ಒಣಗುವ ತನಕ ಊದುತ್ತ ಕೂರಬೇಕು. ಸಂಜೆಗೆ ಬೆರಳು, ಭುಜ, ಬೆನ್ನು ಎಲ್ಲವೂ ನೋವು. ಅಧಿಕಾರಿಗಳ ವ್ಯಾಕರಣ, ಕಾಗುಣಿತ, ಲೆಕ್ಕದ ಮೊತ್ತ ಎಲ್ಲವನ್ನೂ ನಾವು ಸದ್ದಿಲ್ಲದೆ ತಿದ್ದುತ್ತಿದ್ದೆವು. ಆದರೂ ಅದನ್ನು "ಕೈಕೆಲಸ" ಎಂದೇ ಎಣಿಸಿದರು. ಶಾರ್ಟ್‌ಹ್ಯಾಂಡ್ ಕಲಿತವಳು ಸ್ಟೆನೋ ಆಗಿ ಮೇಲೇರಬಹುದಿತ್ತು. ಬರೀ ಟೈಪಿಸ್ಟ್ ಆದವಳು ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ.

ಈ ಸಣ್ಣ ಕುರ್ಚಿಗೂ ರಾಜಕಾರಣ ತಟ್ಟಿತು. 1966ರಲ್ಲಿ ಶಿವಸೇನೆ ಹುಟ್ಟಿದಾಗ, ಕಚೇರಿಯ ನೌಕರಿಗಳೆಲ್ಲ ದಕ್ಷಿಣದವರ ಪಾಲಾಗುತ್ತಿವೆ ಎಂಬುದೇ ಅದರ ಮುಖ್ಯ ದೂರು. 'ಮಾರ್ಮಿಕ' ವಾರಪತ್ರಿಕೆಯಲ್ಲಿ ಅಂಥವರ ಹೆಸರುಗಳ ಪಟ್ಟಿಯೇ ಬರುತ್ತಿತ್ತು. ಇತ್ತ 1964ರ ರಾಜಭಾಷಾ ಕಾಯಿದೆಯ ನಂತರ ರಾಜ್ಯ ಸರಕಾರದ ವ್ಯವಹಾರ ಕ್ರಮೇಣ ಮರಾಠಿಗೆ ತಿರುಗಿತು. ಸಚಿವಾಲಯದಂಥ ಕಡೆ ಉಳಿಯಬೇಕಾದವರು ದೇವನಾಗರಿ ಕೀಲಿಮಣೆಯನ್ನು ಮೊದಲಿನಿಂದ ಕಲಿಯಬೇಕಾಯಿತು. ಮನೆಯಲ್ಲಿ ಕನ್ನಡ ಅಥವಾ ತುಳು, ಬೆರಳ ತುದಿಯಲ್ಲಿ ಇಂಗ್ಲಿಷ್ ಮತ್ತು ಮರಾಠಿ: ಇದು ನಮ್ಮ ಪೀಳಿಗೆಯ ಪಾಂಡಿತ್ಯ.

ಲೋಕಲ್ ರೈಲಿನ ಮಹಿಳಾ ಡಬ್ಬಿಯಲ್ಲಿ ಸೊಪ್ಪು ಬಿಡಿಸಿದೆವು, ಸ್ವೆಟರ್ ಹೆಣೆದೆವು, ಚಿಟ್ ಫಂಡ್ ಕಟ್ಟಿದೆವು. 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮೊದಲ ಲೇಡೀಸ್ ಸ್ಪೆಷಲ್ ಓಡಿತು. ಕಚೇರಿಗೆ ಹೋಗುವ ಹೆಂಗಸರಿಗೆಂದೇ ಇಡೀ ರೈಲು ಬಿಡುವ ಕಾಲ ಬಂತೆಂದರೆ, ಅಷ್ಟು ಮಂದಿ ನಾವಾಗಿದ್ದೆವು. ತಮ್ಮಂದಿರ ಓದು, ತಂಗಿಯರ ಮದುವೆ, ಚಾಳಿನ ಕೋಣೆಯಿಂದ ಡೊಂಬಿವಲಿಯ ಸ್ವಂತ ಫ್ಲ್ಯಾಟ್: ಇವುಗಳ ಹಿಂದೆ ಎಷ್ಟೋ ಕಡೆ ಒಬ್ಬ ಟೈಪಿಸ್ಟಳ ಸಂಬಳವಿತ್ತು.

ಆಮೇಲೆ ಕಂಪ್ಯೂಟರ್ ಬಂತು. 1955ರಿಂದ ದೇಶಿ ಟೈಪ್‌ರೈಟರ್ ತಯಾರಿಸಿದ ಮುಂಬೈಯ ಗೋದ್ರೆಜ್ ಕಂಪೆನಿ ಅದನ್ನು ನಿಲ್ಲಿಸಿತು. 2017ರಲ್ಲಿ ಮಹಾರಾಷ್ಟ್ರ ಸರಕಾರ ಹಳೆಯ ಯಂತ್ರದ ಮೇಲಿನ ಟೈಪಿಂಗ್ ಪರೀಕ್ಷೆಯನ್ನೂ ಮುಗಿಸಿತು.

ನಮ್ಮ ಸಂಘಗಳ ಇತಿಹಾಸದಲ್ಲಿ ಹೋಟೆಲು ಕಟ್ಟಿದವರು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರು ಇದ್ದಾರೆ, ಇರಲೇಬೇಕು. ಟೈಪಿಸ್ಟರ ಪುಟ ಮಾತ್ರ ಖಾಲಿ. ಗೆಳತಿಯರೇ, ನಿಮ್ಮ ಅಮ್ಮ, ಅತ್ತೆ, ಚಿಕ್ಕಮ್ಮಂದಿರಲ್ಲಿ ಯಾರಾದರೂ ಈ ಕೆಲಸ ಮಾಡಿದ್ದರೆ ಕೇಳಿ ಬರೆದಿಡಿ: ಯಾವ ಕಚೇರಿ, ಯಾವ ವರ್ಷ, ಮೊದಲ ಸಂಬಳ ಎಷ್ಟು, ಅದನ್ನು ಯಾರ ಕೈಗೆ ಕೊಟ್ಟರು? ಆ ಎರಡು ಸಣ್ಣ ಅಕ್ಷರಗಳ ಮುಂದೆ ಪೂರ್ತಿ ಹೆಸರು ಬರೆಯುವ ಕೆಲಸ ಈಗ ನಮ್ಮದು.