ಗಂಗವಾಡಿ ತೊಂಬತ್ತಾರು ಸಾವಿರ: ಅಂಕಿಗಳನ್ನು ಚಿತ್ರಿಸುವವರಿಗೆ ಒಂದು ಮಾತು



ಯಲಹಂಕದಲ್ಲಿ 1996ರಲ್ಲಿ ಸೃಷ್ಟಿ ಸಂಸ್ಥೆ ಆರಂಭವಾದ ಮೇಲೆ ವಿನ್ಯಾಸವೆಂಬ ವಿದ್ಯೆ ನಮ್ಮ ಉತ್ತರ ಬೆಂಗಳೂರಿನವರಿಗೆ ಅಪರಿಚಿತವಾಗಿ ಉಳಿದಿಲ್ಲ. ಆ ಬಗೆಯ ವ್ಯಾಸಂಗದಲ್ಲಿ ತೊಡಗಿರುವ, ನಿಮ್ಮಲ್ಲೇ ಒಬ್ಬರ ಮಗಳು ಈಚೆಗೆ ನನ್ನನ್ನು ಕೇಳಿದಳು: "ತಾತ, ನಮಗೀಗ ಡೇಟಾ ವಿಷುವಲೈಸೇಷನ್ ಪಾಠ ನಡೆಯುತ್ತಿದೆ. ಕಂಬ ಎಳೆಯುವುದು, ವೃತ್ತ ಸೀಳುವುದು, ಬಣ್ಣ ತುಂಬುವುದು ಎಲ್ಲವನ್ನೂ ಕಂಪ್ಯೂಟರೇ ಮಾಡಿಬಿಡುತ್ತದೆ. ಹಾಗಾದರೆ ನಾನು ಕಲಿಯಬೇಕಾದದ್ದೇನು?" ಅಂಕಿಗಳನ್ನು ಕಣ್ಣಿಗೆ ಕಾಣುವಂತೆ ಚಿತ್ರಿಸುವ ವಿದ್ಯೆಗೂ ಚರಿತ್ರೆಯ ಮೇಷ್ಟರಿಗೂ ಏನು ನಂಟು ಎಂದು ನೀವು ಕೇಳಬಹುದು. ಆಕೆಯ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ; ಹೆಬ್ಬಾಳದಿಂದಲೇ ಆರಂಭಿಸಬಹುದು.

2018ರಲ್ಲಿ ಹೆಬ್ಬಾಳದಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರ ಈ ಕಲ್ಲು ಗಂಗ ದೊರೆ ಶ್ರೀಪುರುಷನ ಕಾಲದ್ದು. ರಾಷ್ಟ್ರಕೂಟರ ದಾಳಿಯನ್ನು ಎದುರಿಸಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ. ಹೋರಾಟದ ಚಿತ್ರವೂ ಅದರ ವಿವರವೂ ಒಂದೇ ಕಲ್ಲಿನಲ್ಲಿವೆ. ಆ ಶಾಸನದಲ್ಲಿ ಪೆರ್ಬೊಳಲ್‌ನಾಡು ಎಂಬ ಹೆಸರಿನ ಜೊತೆಗೆ ಮೂವತ್ತು ಎಂಬ ಸಂಖ್ಯೆಯೂ ಬರುತ್ತದೆ. ಇದನ್ನು ಮೂವತ್ತು ಊರುಗಳ ನಾಡು ಎಂದು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ಸಂಖ್ಯೆ ದೊಡ್ಡದಾದಂತೆ ತೊಡಕು ಆರಂಭವಾಗುತ್ತದೆ. ಗಂಗವಾಡಿ 96,000, ನೊಳಂಬವಾಡಿ 32,000, ಬನವಾಸಿ 12,000 ಎಂದು ನೀವೆಲ್ಲ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ತೊಂಬತ್ತಾರು ಸಾವಿರ ಏನು? ಹಳ್ಳಿಗಳ ಎಣಿಕೆ ಎಂದವರುಂಟು, ಕಂದಾಯದ ಮೊತ್ತ ಎಂದವರುಂಟು. ವಿದ್ವಾಂಸರಲ್ಲಿ ಒಮ್ಮತ ಮೂಡಲಿಲ್ಲ. ಈ ಮೂರು ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಕ್ಷಣಾರ್ಧದಲ್ಲಿ ಮೂರು ಅಂದವಾದ ಕಂಬಗಳು ನಿಲ್ಲುತ್ತವೆ. ಗಂಗವಾಡಿಯ ಕಂಬ ಬನವಾಸಿಯದಕ್ಕಿಂತ ಎಂಟು ಪಟ್ಟು ಎತ್ತರ. ಯಾವುದರಲ್ಲಿ ಎಂಟು ಪಟ್ಟು ಎಂಬುದನ್ನು ಮಾತ್ರ ಆ ಚಿತ್ರ ಹೇಳಲಾರದು. ಸಂಖ್ಯೆ ಉಳಿದಿದೆ, ಎಣಿಸಿದ ವಸ್ತು ಕಳೆದುಹೋಗಿದೆ.

ಅಳತೆಯ ವಿಷಯವೂ ಹೀಗೆಯೇ. ನಮ್ಮ ಹಿರಿಯರು ಹೊಲಗದ್ದೆಗಳನ್ನು ಬಿತ್ತನೆಯ ಬೀಜದ ಲೆಕ್ಕದಲ್ಲಿ ಕೊಳಗ, ಖಂಡುಗ ಎಂದು ಹೇಳುತ್ತಿದ್ದರು. ಒಂದು ಖಂಡುಗ ಗದ್ದೆಯೂ ಒಂದು ಖಂಡುಗ ಹೊಲವೂ ವಿಸ್ತಾರದಲ್ಲಿ ಒಂದೇ ಅಲ್ಲ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೋದಲ್ಲೆಲ್ಲ ಬೆಳೆ, ಗೇಣಿ, ಕೂಲಿಗಳನ್ನು ವಿಚಾರಿಸುವುದರ ಜೊತೆಗೆ ಆಯಾ ಸ್ಥಳದ ತೂಕ, ಅಳತೆಗಳನ್ನೂ ಬರೆದಿಟ್ಟ. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಗ್ರಂಥ ಇಂದಿಗೂ ಉಪಯೋಗಕ್ಕೆ ಬರುವುದು ಈ ಶ್ರದ್ಧೆಯಿಂದಾಗಿ.

ಇನ್ನು ಅಂಕಿಗಳು ಚಿತ್ರವಾದ ಕಥೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 13ನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ. ಅವನಿಗೆ ಗುರುವಾದವನು ಗಣಿತಜ್ಞನಾದ ಅಣ್ಣ ಜಾನ್. ದಿನದಿನದ ಉಷ್ಣತೆಯನ್ನು ಗುರುತಿಸಿ ಗೆರೆಯಾಗಿ ಎಳೆಯುವುದನ್ನು ತಮ್ಮನಿಗೆ ಕಲಿಸಿದವನೂ ಆತನೇ. ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿ ದುಡಿದ ಪ್ಲೇಫೇರ್, 1786ರಲ್ಲಿ ವ್ಯಾಪಾರದ ಏರಿಳಿತಗಳನ್ನು ಗೆರೆಗಳಲ್ಲಿ ತೋರಿಸುವ ಪುಸ್ತಕವನ್ನು ಹೊರತಂದ. ಅದರಲ್ಲಿ ಸ್ಕಾಟ್ಲೆಂಡಿನ ಪುಟ ಮಾತ್ರ ಬೇರೆ ಬಗೆಯದು. ಅವನಿಗೆ ದೊರೆತಿದ್ದುದು ಒಂದೇ ವರ್ಷದ ಲೆಕ್ಕ. ಒಂದು ವರ್ಷದ ಅಂಕಿಯಿಂದ ಏರಿಳಿತದ ಗೆರೆ ಎಳೆಯಲಾಗದು. ಇಲ್ಲದ ವರ್ಷಗಳನ್ನು ಕಲ್ಪಿಸಿಕೊಳ್ಳದೆ, ಆ ಒಂದು ವರ್ಷದಲ್ಲಿ 17 ಪ್ರದೇಶಗಳೊಂದಿಗೆ ನಡೆದ ಆಮದು-ರಫ್ತುಗಳನ್ನು ಪಟ್ಟಿಗಳಾಗಿ ಎಳೆದು ಮುಂದಿಟ್ಟ. ಇಂದು ಪತ್ರಿಕೆಗಳಲ್ಲಿ ನಿತ್ಯ ಕಾಣುವ ಸ್ತಂಭಚಿತ್ರ ಹೀಗೆ ಮಾಹಿತಿಯ ಕೊರತೆಯಿಂದ, ಆ ಕೊರತೆಯನ್ನು ಮುಚ್ಚಿಡದ ಪ್ರಾಮಾಣಿಕತೆಯಿಂದ ಹುಟ್ಟಿತು.

1801ರ ಮತ್ತೊಂದು ಪುಸ್ತಕದಲ್ಲಿ ಅವನು ದೇಶಗಳ ವಿಸ್ತೀರ್ಣವನ್ನು ವೃತ್ತಗಳಿಂದ ತೋರಿಸಿದ. ವೃತ್ತವನ್ನು ಭಾಗಗಳಾಗಿ ಸೀಳುವ ಚಿತ್ರವೂ ಅಲ್ಲಿಂದಲೇ ಮೊದಲು. ಶ್ರೀರಂಗಪಟ್ಟಣ ಬಿದ್ದು ಎರಡೇ ವರ್ಷವಾಗಿತ್ತು. ಹಿಂದೂಸ್ಥಾನದ ಆಳುವ ಶಕ್ತಿಗಳನ್ನೂ ಇಲ್ಲಿ ತೋರಿಸಲಾಗಿದೆ ಎಂದು ಪುಸ್ತಕದ ಶೀರ್ಷಿಕೆಯೇ ಹೇಳುತ್ತಿತ್ತು. ವೃತ್ತ ಬರೆಯುವವರು ಗಮನಿಸಬೇಕಾದ ಲೆಕ್ಕವೊಂದಿದೆ. ಗಂಗವಾಡಿಯ ಅಂಕಿ ನೊಳಂಬವಾಡಿಯದರ ಮೂರು ಪಟ್ಟು. ಅದಕ್ಕಾಗಿ ವೃತ್ತದ ತ್ರಿಜ್ಯವನ್ನು ಮೂರು ಪಟ್ಟು ಮಾಡಿದರೆ ವಿಸ್ತೀರ್ಣ ಒಂಬತ್ತು ಪಟ್ಟಾಗುತ್ತದೆ. ಕಣ್ಣು ನೋಡುವುದು ವಿಸ್ತೀರ್ಣವನ್ನು. ಅಂಕಿ ನಿಜವಾಗಿದ್ದೂ ಚಿತ್ರ ಸುಳ್ಳಾಗುವುದು ಹೀಗೆ.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಅವರ ಸಹಸಂಶೋಧಕರು ಉಪಗ್ರಹ ಚಿತ್ರಗಳನ್ನು ಅಭ್ಯಸಿಸಿ 2012ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅದಕ್ಕೆ ಹಿಂದಿನ ನಾಲ್ಕು ದಶಕಗಳಲ್ಲಿ ಬೆಂಗಳೂರಿನ ಕಟ್ಟಡ ಪ್ರದೇಶ ಶೇ. 584ರಷ್ಟು ಹೆಚ್ಚಿತು, ಸಸ್ಯಾವರಣ ಶೇ. 66ರಷ್ಟು, ಜಲಮೂಲಗಳು ಶೇ. 74ರಷ್ಟು ಕುಗ್ಗಿದವು. ಈ ಮೂರನ್ನು ಅಕ್ಕಪಕ್ಕದಲ್ಲಿ ಕಂಬಗಳಾಗಿ ನಿಲ್ಲಿಸಿ ನೋಡಿ. ಕಟ್ಟಡದ ಕಂಬ ಆಕಾಶಕ್ಕೆ ಏರುತ್ತದೆ. ನೀರಿನ ಕಂಬ ಅದರ ಎಂಟನೆಯ ಒಂದು ಪಾಲಿನಷ್ಟಾಗಿ ಕೆಳಗೆ ಕುಳಿತಿರುತ್ತದೆ. ನೋಡಿದವರು ನಷ್ಟ ಅಲ್ಪವೆಂದು ತಿಳಿದು ಮುಂದೆ ಹೋಗುತ್ತಾರೆ. ಹೆಚ್ಚಳಕ್ಕೆ ಮಿತಿಯಿಲ್ಲ, ಇಳಿಕೆ ಎಂದೂ ನೂರನ್ನು ದಾಟದು. ಇವೆರಡನ್ನೂ ಒಂದೇ ಅಳತೆಗೋಲಿನಲ್ಲಿ ನಿಲ್ಲಿಸಿದ್ದರಿಂದ ಬಂದ ಭ್ರಮೆ ಇದು. ಅದೇ ಅಂಕಿಯನ್ನು ನಾಲ್ಕು ಬಿಂದಿಗೆಗಳಾಗಿ ಬರೆದು, ಮೂರನ್ನು ಬರಿದಾಗಿಸಿ, ಒಂದರಲ್ಲಿ ಮಾತ್ರ ನೀರು ತೋರಿಸಿದರೆ ನಮ್ಮೂರಿನ ಯಾವ ಅಜ್ಜಿಗೂ ವಿಷಯ ತಿಳಿಯುತ್ತದೆ.

ಅಷ್ಟಾದರೂ ಒಂದು ಮಾತು ಉಳಿಯುತ್ತದೆ. ಇದು ನೀರಿನ ಹರವಿನ ಲೆಕ್ಕ, ಆಳದ ಲೆಕ್ಕವಲ್ಲ. ಹೆಬ್ಬಾಳದ ಕೆರೆ, ಯಲಹಂಕದ ಕೆರೆ, ಜಕ್ಕೂರಿನ ಕೆರೆ ನಕ್ಷೆಯಲ್ಲಿ ನೀಲಿಯಾಗಿಯೇ ಇವೆ. ಹೂಳೆಷ್ಟು, ಒಳಗೆ ಬರುವ ನೀರು ಎಂಥದು ಎಂಬುದನ್ನು ಆ ನೀಲಿ ಬಣ್ಣ ಹೇಳುವುದಿಲ್ಲ. ಅದಕ್ಕೆ ಏರಿಯ ಮೇಲೆ ನಡೆದು ನೋಡಬೇಕು, ದಡದಲ್ಲಿ ಬದುಕುವವರನ್ನು ವಿಚಾರಿಸಬೇಕು.

ಗ್ರಾಫ್ ಹಾಳೆಯ ಮೂಲೆಯಲ್ಲಿ 'ಪ್ರಮಾಣ' ಬರೆಯದವರಿಗೆ ಶಾಲೆಯಲ್ಲಿ ಅಂಕ ಕಳೆಯುತ್ತಿದ್ದುದು ನಿಮಗೆ ನೆನಪಿರಬಹುದು. ವಿನ್ಯಾಸ ಕಲಿಯುವ ಮಕ್ಕಳಿಗೆ ಆ ಪ್ರಮಾಣದ ಜೊತೆಗೆ ಇನ್ನೂ ಮೂರು ಸಾಲುಗಳನ್ನು ಬರೆಯಲು ಹೇಳುತ್ತೇನೆ: ಎಣಿಸಿದ್ದು ಏನನ್ನು, ಎಣಿಸಿದವರು ಯಾರು, ಎಣಿಕೆಯಿಂದ ಹೊರಗುಳಿದದ್ದು ಯಾವುದು. ಕಂಪ್ಯೂಟರ್ ಬರೆದುಕೊಡಲಾರದ ಸಾಲುಗಳು ಇವು. ಕೆರೆಯೊಂದನ್ನು ಉಳಿಸಬೇಕೋ ಬೇಡವೋ ಎಂದು ಯಾರೋ ಆ ಚಿತ್ರ ನೋಡಿಯೇ ತೀರ್ಮಾನಿಸುವ ದಿನ ಬಂದೀತು. ಆಗ ಈ ಮೂರು ಸಾಲುಗಳೇ ಕೆರೆಯ ಪರವಾಗಿ ಸಾಕ್ಷಿ ನುಡಿಯಬೇಕಾದೀತು.