ಫ್ಲುಯೆಂಟ್ ಇಂಟರ್‌ಫೇಸ್

ಫ್ಲುಯೆಂಟ್ ಇಂಟರ್‌ಫೇಸ್ ಎಂಬುದು ಮೆಥಡ್‌ಗಳ ಕರೆಗಳನ್ನು ಒಂದರ ಹಿಂದೊಂದು ಪೋಣಿಸಿ, ಪ್ರೋಗ್ರಾಮಿನ ಸಾಲನ್ನು ವಾಕ್ಯದಂತೆ ಓದಿಸಿಕೊಂಡು ಹೋಗುವ ಹಾಗೆ ರೂಪಿಸುವ ತಂತ್ರಾಂಶ ವಿನ್ಯಾಸ ಕ್ರಮ. ಒಂದು ಕಾರ್ಯಕ್ಷೇತ್ರಕ್ಕೆ ಮೀಸಲಾದ ಕಿರುಭಾಷೆಯನ್ನು ಮತ್ತೊಂದು ಪ್ರೋಗ್ರಾಮಿಂಗ್ ಭಾಷೆಯ ಒಳಗೇ ಕಟ್ಟಲು ಇದನ್ನು ಬಳಸಲಾಗುತ್ತದೆ. ಜಾವಾ, ಸಿ ಶಾರ್ಪ್, ಕಾಟ್ಲಿನ್, ಸ್ಕಾಲಾ ಮುಂತಾದ ಭಾಷೆಗಳಲ್ಲಿ ಪ್ರೋಗ್ರಾಮ್ ನಡೆಯುವ ಮೊದಲೇ ಕಂಪೈಲರ್ ಪ್ರತಿಯೊಂದು ಮೌಲ್ಯದ ಟೈಪನ್ನು ಪರಿಶೀಲಿಸುತ್ತದೆ. ಆದ್ದರಿಂದ ಇಂತಹ ಭಾಷೆಗಳಲ್ಲಿ ಕಿರುಭಾಷೆಯ ವ್ಯಾಕರಣವನ್ನು ಕಾಯುವ ಹೊಣೆಯನ್ನು ಕಂಪೈಲರಿಗೇ ವಹಿಸಬಹುದು.

ಇತಿಹಾಸ

ಈ ಹೆಸರನ್ನು 2005ರಲ್ಲಿ ಎರಿಕ್ ಇವಾನ್ಸ್ ಮತ್ತು ಮಾರ್ಟಿನ್ ಫೌಲರ್ ರೂಢಿಗೆ ತಂದರು. ಒಂದೇ ವಸ್ತುವಿಗೆ ಸಾಲಾಗಿ ಸಂದೇಶಗಳನ್ನು ಕಳುಹಿಸುವ ಪದ್ಧತಿ ಅದಕ್ಕೂ ಹಿಂದೆ ಸ್ಮಾಲ್‌ಟಾಕ್ ಭಾಷೆಯಲ್ಲಿತ್ತು. ಸಿ ಶಾರ್ಪ್ ಭಾಷೆಗೆ 2007ರಲ್ಲಿ ಲಿಂಕ್ ಎಂಬ ಪ್ರಶ್ನಾಭಾಷೆಯೂ, ಜಾವಾ ಭಾಷೆಗೆ 2014ರಲ್ಲಿ 8ನೆಯ ಆವೃತ್ತಿಯೊಡನೆ ಸ್ಟ್ರೀಮ್‌ಗಳೂ ಸೇರಿದ ಮೇಲೆ ಈ ಶೈಲಿ ವ್ಯಾಪಕವಾಯಿತು.

ಕಾರ್ಯವಿಧಾನ

ಸರಳ ರೂಪದಲ್ಲಿ ಪ್ರತಿಯೊಂದು ಮೆಥಡ್ ತಾನು ಸೇರಿರುವ ವಸ್ತುವನ್ನೇ ಹಿಂದಿರುಗಿಸುತ್ತದೆ. ಇದರಿಂದ ಬರವಣಿಗೆ ಸುಲಲಿತವಾಗುವುದಾದರೂ ಕರೆಗಳ ಕ್ರಮ ತಪ್ಪಿದರೆ ಕಂಪೈಲರಿಗೆ ತಿಳಿಯುವುದಿಲ್ಲ. ಮುಂದುವರಿದ ರೂಪದಲ್ಲಿ ಪ್ರತಿಯೊಂದು ಹಂತವೂ ಬೇರೆ ಟೈಪನ್ನು ಹಿಂದಿರುಗಿಸುತ್ತದೆ. ಮುಂದೆ ಯಾವ ಮೆಥಡ್ ಬರಬಹುದೆಂಬುದನ್ನು ಆ ಟೈಪ್ ನಿರ್ಧರಿಸುತ್ತದೆ.

ಉದಾಹರಣೆಗೆ, ದತ್ತಸಂಚಯದಿಂದ ದಾಖಲೆಯನ್ನು ಅಳಿಸುವ ಎಸ್‌ಕ್ಯುಎಲ್ ಆದೇಶದಲ್ಲಿ ಷರತ್ತನ್ನು ಬರೆಯಲು ಮರೆತರೆ ಕೋಷ್ಟಕದ ಎಲ್ಲ ದಾಖಲೆಗಳೂ ಅಳಿಸಿಹೋಗುತ್ತವೆ. ಅದನ್ನೇ ಹೀಗೆ ರೂಪಿಸಬಹುದು (ಜಾವಾದಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೂ ಬರೆಯಬಹುದು):

ಅಂಕಪಟ್ಟಿ.ಅಳಿಸು().ಷರತ್ತು(ಕ್ರಮಸಂಖ್ಯೆ.ಸಮ(27)).ನಡೆಸು();

ಇಲ್ಲಿ "ಅಳಿಸು" ಹಿಂದಿರುಗಿಸುವ ಟೈಪಿನಲ್ಲಿ "ಷರತ್ತು" ಒಂದೇ ಮೆಥಡ್ ಇದೆ. "ನಡೆಸು" ಇರುವುದು "ಷರತ್ತು" ಹಿಂದಿರುಗಿಸುವ ಟೈಪಿನಲ್ಲಿ ಮಾತ್ರ. ಷರತ್ತನ್ನು ಬಿಟ್ಟು ಬರೆದ ಸಾಲು ಕಂಪೈಲ್ ಆಗುವುದೇ ಇಲ್ಲ. ಚುಕ್ಕಿ ಇಟ್ಟೊಡನೆ ಸಂಪಾದಕ ತಂತ್ರಾಂಶವೂ ಆ ಹಂತಕ್ಕೆ ಸಲ್ಲುವ ಮೆಥಡ್‌ಗಳನ್ನಷ್ಟೇ ಸೂಚಿಸುತ್ತದೆ.

ಪದಕ್ರಮ

ಎಸ್‌ಕ್ಯುಎಲ್ ಪ್ರಶ್ನೆ "ಆರಿಸು" ಎಂಬ ಆಜ್ಞೆಯಿಂದ ಆರಂಭವಾಗುತ್ತದೆ. ಲಿಂಕ್‌ನಲ್ಲಿ "ಯಾವುದರಿಂದ" ಎಂಬುದು ಮೊದಲು, "ಆರಿಸು" ಎಂಬುದು ಅನಂತರ ಬರುತ್ತದೆ. ದತ್ತಾಂಶದ ಮೂಲ ಮೊದಲೇ ತಿಳಿದರೆ ಅದರ ಟೈಪೂ ತಿಳಿಯುವುದರಿಂದ ಮುಂದಿನ ಸೂಚನೆಗಳನ್ನು ಕೊಡಲು ಸಾಧ್ಯವಾಗುತ್ತದೆ. ಕ್ರಿಯಾಪದ ಕೊನೆಯಲ್ಲಿ ಬರುವ ಕನ್ನಡ ವಾಕ್ಯಕ್ಕೆ ಈ ಕ್ರಮ ಸಮೀಪವಾದುದು.

ಮಿತಿಗಳು

ವ್ಯಾಕರಣ ಬೆಳೆದಂತೆ ಹಂತಕ್ಕೊಂದರಂತೆ ಟೈಪ್‌ಗಳ ಸಂಖ್ಯೆಯೂ ಬೆಳೆಯುತ್ತದೆ. ದೋಷ ಸಂದೇಶಗಳು ಕಿರುಭಾಷೆಯ ಮಾತಿನಲ್ಲಿರದೆ ಆತಿಥೇಯ ಭಾಷೆಯ ಟೈಪ್‌ಗಳ ಮಾತಿನಲ್ಲಿರುವುದರಿಂದ ಬಳಸುವವರಿಗೆ ಗೊಂದಲವಾಗಬಹುದು. ಉದ್ದನೆಯ ಸರಪಣಿಯಲ್ಲಿ ದೋಷ ಯಾವ ಕರೆಯಲ್ಲಿದೆ ಎಂದು ಪತ್ತೆಹಚ್ಚುವುದೂ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಟೈಪ್ ಪರೀಕ್ಷೆಯು ವಾಕ್ಯದ ರಚನೆಯನ್ನು ಕಾಯುತ್ತದೆಯೇ ಹೊರತು ಬರೆದವರ ಉದ್ದೇಶವನ್ನಲ್ಲ. ಮೇಲಿನ ಉದಾಹರಣೆಯಲ್ಲಿ 27ರ ಬದಲು 72 ಎಂದು ಬರೆದರೆ ಕಂಪೈಲರ್ ಅದನ್ನು ತಡೆಯಲಾರದು.